ಡಿಸ್‌ಪ್ಲೇ ಸೆಟ್ಟಿಂಗಿನ ಫೈಲು ಯಾರ ಕೈಲಿದೆ?

(ಲಿನಕ್ಸ್ ಬಳಸುವವರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಡೆಗಳಲ್ಲಿ ಒಂದೆರಡು ಸಾಲು ಬಿಡಿಸಿ ಬರೆದಿದ್ದೇನೆ.)

ನಮಸ್ಕಾರ. ಇಪ್ಪತ್ತು ವರ್ಷಕ್ಕೂ ಹಳೆಯ ಒಂದು ಫೈಲಿನಿಂದ ಶುರು ಮಾಡುತ್ತೇನೆ. ಪರದೆಯ ಮೇಲೆ ಚಿತ್ರ ತೋರಿಸುವ ಎಕ್ಸ್ ಅನ್ನೋ ಪ್ರೋಗ್ರಾಂ ಓದುತ್ತಿದ್ದ ಫೈಲು ಅದು. ಡೆಬಿಯನ್ ಅನ್ನೋ ಡಿಸ್ಟ್ರೋದಲ್ಲಿ (ಡಿಸ್ಟ್ರೋ ಅಂದರೆ ಲಿನಕ್ಸಿನ ಒಂದು ಸಿದ್ಧ ರೂಪ) ಆಗ ಅದರ ಹೆಸರು ಎಕ್ಸ್‌ಎಫ್86ಕಾನ್ಫಿಗ್-4. ಸಿಸ್ಟಮ್ಮಿನ ಸೆಟ್ಟಿಂಗುಗಳಿರುವ ಇಟಿಸಿ ಫೋಲ್ಡರಿನ ಒಳಗೆ ಎಕ್ಸ್11 ಅನ್ನೋ ಫೋಲ್ಡರಿನಲ್ಲಿ ಇರುತ್ತಿತ್ತು. ಯಾವ ಗ್ರಾಫಿಕ್ಸ್ ಕಾರ್ಡು, ಯಾವ ಮಾನಿಟರು, ಎಷ್ಟು ರೆಸಲ್ಯೂಶನ್ನು, ಯಾವ ಮೌಸು, ಯಾವ ಕೀಬೋರ್ಡು, ಎಲ್ಲ ಅದರಲ್ಲೇ. ಅದರ ತಲೆಯಲ್ಲಿ ಒಂದಿಷ್ಟು ಕಾಮೆಂಟು ಸಾಲುಗಳಿದ್ದವು. ಅವು ಹೇಳುತ್ತಿದ್ದದ್ದು ಇಷ್ಟು: ಈ ಫೈಲನ್ನು ಡೆಕ್ಸ್‌ಕಾನ್ಫ್ ಅನ್ನೋ ಟೂಲ್ ಬರೆದಿದೆ. ನೀವು ಮುಟ್ಟದೆ ಇದ್ದರೆ ಪ್ಯಾಕೇಜು ಅಪ್‌ಗ್ರೇಡ್ ಆದಾಗ ತಾನಾಗಿಯೇ ಬದಲಾಗುತ್ತದೆ. ಮುಟ್ಟಿದ್ದರೆ ನಾವು ಇದರ ತಂಟೆಗೆ ಬರುವುದಿಲ್ಲ.

ಮುಟ್ಟಿದ್ದಾರೋ ಇಲ್ಲವೋ ಅಂತ ಟೂಲಿಗೆ ಹೇಗೆ ಗೊತ್ತಾಗಬೇಕು? ತಾನು ಬರೆದ ಫೈಲಿನ ಎಂಡಿ5 ಮೊತ್ತವನ್ನು (ಫೈಲಿನಲ್ಲಿರುವುದರ ಮೇಲೆ ಲೆಕ್ಕ ಹಾಕಿದ ಗುರುತಿನ ಅಂಕಿ) ಅದು ಬೇರೆ ಕಡೆ ಬರೆದಿಟ್ಟುಕೊಳ್ಳುತ್ತಿತ್ತು. ಮುಂದಿನ ಸಲ ಲೆಕ್ಕ ಹಾಕಿ ನೋಡುತ್ತಿತ್ತು. ಒಂದೇ ಒಂದು ಸ್ಪೇಸ್ ಜಾಸ್ತಿ ಇದ್ದರೂ ಮೊತ್ತ ತಾಳೆಯಾಗುತ್ತಿರಲಿಲ್ಲ. ಆಗ ಟೂಲ್ ಸುಮ್ನೆ ಕೈಬಿಡುತ್ತಿತ್ತು. ಅದಕ್ಕೂ ಮುಂಚೆ ಇದ್ದ ಏರ್ಪಾಡು ಇನ್ನೂ ಮಜವಾಗಿತ್ತು. ಫೈಲಿನ ನಡುವೆ ಎರಡು ಗಡಿ ಸಾಲು. ಅವೆರಡರ ಒಳಗಿರುವುದು ಟೂಲಿನದ್ದು, ಹೊರಗಿರುವುದು ನಿಮ್ಮದು. ಗಡಿಯ ಒಳಗೆ ನೀವು ಬರೆದದ್ದು ಉಳಿಯುವ ಖಾತರಿ ಇರಲಿಲ್ಲ.

ಕೈಯಾರೆ ಬರೆಯಬೇಕಾ, ಟೂಲ್ ಬಳಸಬೇಕಾ ಅಂತ ಜನ ಕೇಳುತ್ತಲೇ ಇರುತ್ತಾರೆ. ಆ ಡೆಬಿಯನ್ ಫೈಲು ಕೇಳುತ್ತಿದ್ದ ಪ್ರಶ್ನೆ ಬೇರೆ: ಈ ಫೈಲಿನ ಯಜಮಾನ ಯಾರು? ನನ್ನ ಪ್ರಕಾರ ಮೊದಲು ತೀರ್ಮಾನ ಆಗಬೇಕಾದದ್ದು ಇದು. ಡಿಸ್‌ಪ್ಲೇ ವಿಷಯದಲ್ಲಿ ನಾನು ನೋಡಿರುವ ತೊಂದರೆಗಳಲ್ಲಿ ಬಹುಪಾಲು ಕೈಬರಹದ್ದೂ ಅಲ್ಲ, ಟೂಲಿನದ್ದೂ ಅಲ್ಲ. ಒಂದೇ ವಿಷಯವನ್ನು ಇಬ್ಬರೂ ಬರೆಯಲು ಹೋದದ್ದರಿಂದ ಬಂದವು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಟೂಲ್‌ಗಳು ಯಾಕೆ ಬಂದವು ಅಂತ ತಿಳಿಯದಿದ್ದರೆ ಅವು ಯಾಕೆ ಮಾಯವಾದವು ಅನ್ನೋದೂ ತಿಳಿಯುವುದಿಲ್ಲ.

ಗಾಜಿನ ದಪ್ಪ ಮಾನಿಟರ್‌ಗಳ ಕಾಲ ಅದು. ಮಾನಿಟರ್ ಎಷ್ಟು ಕಿಲೋಹರ್ಟ್ಜ್‌ನಿಂದ ಎಷ್ಟರವರೆಗೆ ಅಡ್ಡಲಾಗಿ ಸ್ಕ್ಯಾನ್ ಮಾಡಬಲ್ಲದು, ಸೆಕೆಂಡಿಗೆ ಎಷ್ಟು ಸಲ ಇಡೀ ಪರದೆಯನ್ನು ಹೊಸದಾಗಿ ಬರೆಯಬಲ್ಲದು, ಇವೆರಡನ್ನೂ ನೀವೇ ಹೇಳಬೇಕಿತ್ತು. ಮಾನಿಟರ್ ಜೊತೆ ಬಂದ ಪುಸ್ತಕದ ಕೊನೆಯ ಪುಟದಲ್ಲಿ ಆ ಅಂಕಿಗಳು ಇರುತ್ತಿದ್ದವು. ಪುಸ್ತಕ ಕಳೆದುಹೋಗಿದ್ದರೆ ಅಂದಾಜು. ಎಕ್ಸ್‌ಫ್ರೀ86 (ಆಗ ಲಿನಕ್ಸಿನಲ್ಲಿ ಬಳಸುತ್ತಿದ್ದ ಎಕ್ಸ್) ಜೊತೆ ಬರುತ್ತಿದ್ದ ಎಕ್ಸ್‌ಎಫ್86ಕಾನ್ಫಿಗ್ ಅನ್ನೋ ಪ್ರೋಗ್ರಾಂ ಟರ್ಮಿನಲ್ಲಿನಲ್ಲಿ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿತ್ತು. ಮಾನಿಟರಿನ ತಾಕತ್ತಿಗಿಂತ ಜಾಸ್ತಿ ಅಂಕಿ ಕೊಡಬೇಡಿ ಅಂತ ಎಚ್ಚರಿಸುತ್ತಲೂ ಇತ್ತು. ಅದು ಸುಮ್ನೆ ಹೆದರಿಸುವ ಮಾತಲ್ಲ. ಹಳೆಯ ಕೆಲವು ಮಾನಿಟರ್‌ಗಳು ತಪ್ಪು ಫ್ರೀಕ್ವೆನ್ಸಿಯಿಂದ ನಿಜಕ್ಕೂ ಹಾಳಾಗುವ ಸಾಧ್ಯತೆ ಇತ್ತು. ಆಮೇಲೆ ಬಂದ ಮಾನಿಟರ್‌ಗಳು ಜಾಣ. ತಮ್ಮ ಮಿತಿ ದಾಟಿದರೆ ಚಿತ್ರ ತೋರಿಸದೆ ‘ಔಟ್ ಆಫ್ ರೇಂಜ್’ ಅಂತ ಬರೆದು ಕೂರುತ್ತವೆ.

ಪ್ರತಿ ಡಿಸ್ಟ್ರೋನೂ ಇದಕ್ಕೆ ತನ್ನದೇ ಟೂಲ್ ಮಾಡಿಕೊಂಡಿತು. ರೆಡ್ ಹ್ಯಾಟ್‌ನಲ್ಲಿ ಎಕ್ಸ್‌ಕಾನ್ಫಿಗರೇಟರ್, ಮುಂದೆ ಸಿಸ್ಟಮ್-ಕಾನ್ಫಿಗ್-ಡಿಸ್‌ಪ್ಲೇ. ಸೂಸೆಯಲ್ಲಿ ಸ್ಯಾಕ್ಸ್, ಆಮೇಲೆ ಸ್ಯಾಕ್ಸ್2. ಮ್ಯಾಂಡ್ರೇಕ್‌ನಲ್ಲಿ ಎಕ್ಸ್‌ಎಫ್‌ಡ್ರೇಕ್. ಇವುಗಳ ನಿಜವಾದ ಬಂಡವಾಳ ಚಂದದ ಕಿಟಕಿ ಅಲ್ಲ, ಒಳಗಿದ್ದ ಪಟ್ಟಿ. ಯಾವ ಮಾಡೆಲ್ ಮಾನಿಟರಿಗೆ ಯಾವ ಮಿತಿ ಅಂತ ಸಾಲುಸಾಲಾಗಿ ಬರೆದಿಟ್ಟ ಫೈಲು. ಪಟ್ಟಿಯಲ್ಲಿ ನಿಮ್ಮ ಮಾನಿಟರ್ ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಟೂಲಿಗೂ ನಿಮ್ಮಷ್ಟೇ ಗೊತ್ತು. ಅಂದರೆ ಏನೂ ಗೊತ್ತಿಲ್ಲ.

ಕೈಯಾರೆ ಬರೆಯುವವರು ಬರೆಯುತ್ತಿದ್ದದ್ದೇನು ಅಂತ ಹತ್ತಿರದಿಂದ ನೋಡೋಣ. ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಇವತ್ತಿಗೂ ಉಪಯೋಗ ಇದೆ. ಸಿವಿಟಿ ಅಂತ ಒಂದು ಪುಟ್ಟ ಕಮಾಂಡ್ ಇದೆ. ಅದಕ್ಕೆ 1920, 1080, 60 ಅಂತ ಕೊಟ್ಟರೆ ಒಂದು ಮೋಡ್‌ಲೈನ್ ಕೊಡುತ್ತದೆ. ಆ ಮೋಡ್, ಅಂದರೆ ಆ ರೆಸಲ್ಯೂಶನ್ನಿನ ಚಿತ್ರವನ್ನು ಮಾನಿಟರಿಗೆ ಯಾವ ಲೆಕ್ಕದಲ್ಲಿ ಕಳಿಸಬೇಕು ಅಂತ ಹೇಳುವ ಸಾಲು ಅದು. ಅದರಲ್ಲಿ ಬರುವ ಅಂಕಿಗಳು ಇವು:

173.00, ಆಮೇಲೆ 1920 2048 2248 2576, ಆಮೇಲೆ 1080 1083 1088 1120.

ಮೊದಲನೆಯದು ಪಿಕ್ಸೆಲ್ ಕ್ಲಾಕ್, ಮೆಗಾಹರ್ಟ್ಜ್ ಲೆಕ್ಕದಲ್ಲಿ. ಸೆಕೆಂಡಿಗೆ 17.3 ಕೋಟಿ ಪಿಕ್ಸೆಲ್ ಕೇಬಲ್ಲಿನಲ್ಲಿ ಹೋಗುತ್ತವೆ. ಮುಂದಿನ ನಾಲ್ಕು ಅಂಕಿ ಒಂದು ಅಡ್ಡ ಸಾಲಿನ ಕತೆ. ಕಾಣುವುದು 1920. 2048ರಲ್ಲಿ ಸಿಂಕ್ ಸಂಕೇತ (ಮುಂದಿನ ಸಾಲಿಗೆ ಹೋಗು ಅಂತ ಮಾನಿಟರಿಗೆ ಹೇಳುವುದು) ಶುರು, 2248ರಲ್ಲಿ ಮುಗಿಯುತ್ತದೆ, 2576ಕ್ಕೆ ಆ ಸಾಲು ಪೂರ್ತಿ. ಕೊನೆಯ ನಾಲ್ಕು ಇದೇ ಲೆಕ್ಕ, ಮೇಲಿನಿಂದ ಕೆಳಕ್ಕೆ. ಕಾಣುವ ಸಾಲು 1080, ಒಟ್ಟು ಸಾಲು 1120.

ಈಗ ಗುಣಿಸಿ. 2576ನ್ನು 1120ರಿಂದ ಗುಣಿಸಿದರೆ 28,85,120. 17.3 ಕೋಟಿಯನ್ನು ಅದರಿಂದ ಭಾಗಿಸಿದರೆ 59.96. ನಿಮ್ಮ ‘60 ಹರ್ಟ್ಜ್’ ಬಂದದ್ದು ಇಲ್ಲಿಂದ. ಸೆಟ್ಟಿಂಗ್ ಕಿಟಕಿಯಲ್ಲಿ 59.96 ಅಂತ ಕಂಡಾಗ ಏನೋ ಕೆಟ್ಟಿದೆ ಅಂದುಕೊಳ್ಳುವವರು ಜಾಸ್ತಿ. ಏನೂ ಕೆಟ್ಟಿಲ್ಲ, ಭಾಗಾಕಾರ ಅಷ್ಟೇ.

1920 ಮಾತ್ರ ಕಾಣುವಾಗ 2576ರವರೆಗೆ ಯಾಕೆ ಹೋಗಬೇಕು? ಗಾಜಿನ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಬರೆದು ಮುಗಿಸಿ ಎಡಗಡೆಗೆ ವಾಪಸ್ ಬರಬೇಕಿತ್ತು. ಆ ವಾಪಸ್ ಪಯಣಕ್ಕೆ ಬಿಟ್ಟ ಸಮಯ ಇದು. ಎಲ್‌ಸಿಡಿಯಲ್ಲಿ ಕಿರಣವೇ ಇಲ್ಲ. ಹಾಗಾಗಿ ಅಷ್ಟು ಖಾಲಿ ಜಾಗ ಬೇಕಿಲ್ಲ. ಅದೇ ಸಿವಿಟಿಗೆ ‘ಆರ್’ ಆಯ್ಕೆ ಕೊಟ್ಟು ನೋಡಿ. ಕ್ಲಾಕ್ 138.50ಕ್ಕೆ ಇಳಿಯುತ್ತದೆ, ಒಟ್ಟು ಅಗಲ 2080 ಆಗುತ್ತದೆ, ಒಟ್ಟು ಎತ್ತರ 1111. ಪರದೆಯ ಮೇಲೆ ಕಾಣುವ ಚಿತ್ರ ಅಷ್ಟೇ, ಕೇಬಲ್ಲಿನ ಮೇಲೆ ಹೊರೆ ಕಡಿಮೆ.

ಇದು ಸುಮ್ನೆ ಲೆಕ್ಕದ ಆಟ ಅಲ್ಲ. ಸಿಂಗಲ್ ಲಿಂಕ್ ಡಿವಿಐ ಕೇಬಲ್ಲಿನ ಮಿತಿ 165 ಮೆಗಾಹರ್ಟ್ಜ್. 173 ಅದರಲ್ಲಿ ಹೋಗುವುದಿಲ್ಲ, 138.5 ಆರಾಮಾಗಿ ಹೋಗುತ್ತದೆ. ಎಲ್ಲೋ ಸಿಕ್ಕ ಮೋಡ್‌ಲೈನನ್ನು ಅಂಟಿಸಿ, ಪರದೆ ಕಪ್ಪಾಗಿ, ‘ಲಿನಕ್ಸಿಗೆ ನನ್ನ ಮಾನಿಟರ್ ಆಗಿಬರಲ್ಲ’ ಅನ್ನುವವರಲ್ಲಿ ಕೆಲವರ ಸಮಸ್ಯೆ ಈ ಎರಡು ಅಂಕಿಗಳ ನಡುವಿನ ಅಂತರ ಮಾತ್ರ. ಟಿವಿಗಳು ಬಳಸುವ 1080ರ ಮೋಡಿಗೆ ಇನ್ನೊಂದು ಅಂಕಿ ಇದೆ, 148.5. ಅದರಲ್ಲಿ ಒಟ್ಟು 2200 ಗುಣಿಲೆ 1125. ಭಾಗಿಸಿದರೆ ಸರಿಯಾಗಿ 60. ಒಂದೇ ರೆಸಲ್ಯೂಶನ್, ಮೂರು ಬೇರೆ ಬೇರೆ ಮೋಡ್. ಸೆಟ್ಟಿಂಗ್ ಕಿಟಕಿ ಇದನ್ನೆಲ್ಲ ಮುಚ್ಚಿಟ್ಟು ‘1920 × 1080’ ಅಂತಷ್ಟೇ ತೋರಿಸುತ್ತದೆ. ಬಹಳಷ್ಟು ಜನಕ್ಕೆ ಅಷ್ಟೇ ಸಾಕು, ಅಲ್ವಾ? ಸಾಲದೇ ಹೋದ ದಿನ ಕೈಬರಹ ಬೇಕಾಗುತ್ತದೆ.

ಆ ಟೂಲ್‌ಗಳು ಎಲ್ಲಿ ಹೋದವು? ಯಾರೂ ಅವುಗಳನ್ನು ಸೋಲಿಸಲಿಲ್ಲ. ಅವು ಬರೆಯುತ್ತಿದ್ದ ಫೈಲೇ ಖಾಲಿಯಾಯಿತು.

ಮಾನಿಟರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಲು ಕಲಿಯಿತು. ಅದಕ್ಕೆ ಇಡಿಐಡಿ ಅಂತ ಹೆಸರು. 128 ಬೈಟುಗಳ ಒಂದು ಚೀಟಿ. ಬೇಕಾದರೆ ಅದರ ಹಿಂದೆ ಇನ್ನಷ್ಟು ಸೇರಿಸಬಹುದು. ಯಾವ ಕಂಪನಿ, ಯಾವ ಮಾಡೆಲ್, ಯಾವ ಮೋಡ್‌ಗಳು ಬರುತ್ತವೆ, ಯಾವುದು ಇಷ್ಟ, ಎಲ್ಲ ಅದರಲ್ಲಿ. ಕೇಬಲ್ಲಿನ ಒಂದು ಜೋಡಿ ತಂತಿಯ ಮೂಲಕ ಕಾರ್ಡು ಅದನ್ನು ಓದಿಕೊಳ್ಳುತ್ತದೆ. ಈ ನಡುವೆ 2004ರಲ್ಲಿ ಎಕ್ಸ್‌ಫ್ರೀ86 ತನ್ನ ಲೈಸೆನ್ಸ್ ಬದಲಾಯಿಸಿತು. ಡಿಸ್ಟ್ರೋಗಳು ಒಂದೊಂದಾಗಿ ಎಕ್ಸ್.ಆರ್ಗ್ ಅನ್ನೋ ಇನ್ನೊಂದು ಎಕ್ಸ್ ಕಡೆ ನಡೆದವು. ಫೈಲಿನ ಹೆಸರು ಎಕ್ಸ್‌ಆರ್ಗ್.ಕಾನ್ಫ್ ಆಯಿತು. 2007ರಲ್ಲಿ ಎಕ್ಸಿಗೆ ರಾಂಡರ್ ಅನ್ನೋ ವಿಸ್ತರಣೆಯ 1.2 ಆವೃತ್ತಿ ಬಂತು. ಎಕ್ಸ್ ಓಡುತ್ತಿರುವಾಗಲೇ ಇನ್ನೊಂದು ಮಾನಿಟರ್ ಚುಚ್ಚಿ, ಬಲಕ್ಕೋ ಎಡಕ್ಕೋ ಕೂರಿಸುವುದು ಸಾಧ್ಯವಾಯಿತು. 2009ರ ಲಿನಕ್ಸ್ 2.6.29ರಿಂದ ಮೋಡ್ ಹಾಕುವ ಕೆಲಸ ಎಕ್ಸ್ ಸರ್ವರಿನಿಂದ ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಹೋಗತೊಡಗಿತು, ಮೊದಲು ಇಂಟೆಲ್ ಕಾರ್ಡುಗಳಿಗೆ. ಈಗ ಎಕ್ಸ್‌ಆರ್ಗ್.ಕಾನ್ಫ್ ಫೈಲೇ ಇಲ್ಲದೆ ಎಕ್ಸ್ ಆರಾಮಾಗಿ ಶುರುವಾಗುತ್ತದೆ.

ಇನ್ನೊಂದು ಬದಲಾವಣೆಗೆ ಅಷ್ಟು ಸದ್ದಾಗಲಿಲ್ಲ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. 2010ರಲ್ಲಿ ಎಕ್ಸ್ ಸರ್ವರ್ 1.8 ಬಂದಾಗ ಎಕ್ಸ್‌ಆರ್ಗ್.ಕಾನ್ಫ್.ಡಿ ಅನ್ನೋ ಫೋಲ್ಡರ್ ಬಂತು. ಒಂದು ದೊಡ್ಡ ಫೈಲಿನ ಬದಲು ಚಿಕ್ಕ ಚಿಕ್ಕ ಫೈಲುಗಳು. ಆಮೇಲೆ ಅದೂ ಎರಡು ಜಾಗದಲ್ಲಿ. ಯುಎಸ್‌ಆರ್ ಶೇರ್ ಒಳಗಿರುವ ಫೋಲ್ಡರ್ ಡಿಸ್ಟ್ರೋದವರದ್ದು. ಇಟಿಸಿ ಒಳಗಿರುವುದು ನಿಮ್ಮದು. ಡೆಬಿಯನ್‌ನವರು ಎಂಡಿ5 ಲೆಕ್ಕ, ಗಡಿ ಸಾಲು ಅಂತ ಒದ್ದಾಡಿದ್ದಕ್ಕೆ ಉತ್ತರ ಇಷ್ಟು ಸರಳವಾಗಿತ್ತು: ಬೇರೆ ಬೇರೆ ಫೈಲು ಇಡಿ.

ಇಲ್ಲಿ ಎರಡು ಎಚ್ಚರಿಕೆ. ಯುಎಸ್‌ಆರ್ ಶೇರ್ ಒಳಗೆ 40-ಲಿಬ್‌ಇನ್‌ಪುಟ್.ಕಾನ್ಫ್ ತರಹದ ಫೈಲುಗಳು ಕಾಣುತ್ತವೆ. ಟಚ್‌ಪ್ಯಾಡ್ ಮೇಲೆ ತಟ್ಟಿದರೆ ಕ್ಲಿಕ್ ಆಗಬೇಕು ಅಂತ ಜನ ಅದನ್ನೇ ತೆರೆದು ಒಂದು ಸಾಲು ಸೇರಿಸುತ್ತಾರೆ. ಕೆಲಸವೂ ಮಾಡುತ್ತದೆ. ಮುಂದಿನ ಅಪ್‌ಡೇಟಿಗೆ ಆ ಸಾಲು ಮಾಯ. ಪ್ಯಾಕೇಜಿನ ಫೈಲು ಪ್ಯಾಕೇಜಿನದ್ದು, ಅದು ತನ್ನ ಹೊಸ ಪ್ರತಿಯನ್ನು ಹಾಕಿಕೊಳ್ಳುತ್ತದೆ. ಇಟಿಸಿ ಕಡೆಯ ಫೋಲ್ಡರಿನಲ್ಲಿ 90ರಿಂದ ಶುರುವಾಗುವ ಹೆಸರಿನ ಹೊಸ ಫೈಲು ಮಾಡಿ, ಆ ಒಂದೇ ವಿಷಯ ಬರೆಯಿರಿ. ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುವುದರಿಂದಲೇ ಹೆಸರಿನ ಶುರುವಿಗೆ ಅಂಕಿ ಇರುವುದು. ಎರಡನೆಯದು, ಹೆಸರು ಡಾಟ್ ಕಾನ್ಫ್ ಅಂತಲೇ ಮುಗಿಯಬೇಕು. ಇಲ್ಲದಿದ್ದರೆ ಎಕ್ಸ್ ಅದನ್ನು ಓದುವುದೇ ಇಲ್ಲ. ಇದು ಒಳ್ಳೆಯ ಗುಣ ಕೂಡ. ಯಾವುದಾದರೂ ಫೈಲನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾ? ಅಳಿಸಬೇಡಿ, ಹೆಸರಿನ ಕೊನೆಗೆ ‘ಆಫ್’ ಅಂತ ಸೇರಿಸಿ.

ಇಷ್ಟಾದರೂ ಇಡೀ ಎಕ್ಸ್‌ಆರ್ಗ್.ಕಾನ್ಫ್ ಬರೆಯುವ ಚಟ ಹೋಗಿಲ್ಲ. ಎಕ್ಸ್‌ಆರ್ಗ್‌ಗೆ ‘ಕಾನ್ಫಿಗರ್’ ಆಯ್ಕೆ ಕೊಟ್ಟರೆ ಅದೇ ಒಂದು ಉದ್ದನೆಯ ಫೈಲು ಬರೆದುಕೊಡುತ್ತದೆ. ಜನ ಅದನ್ನು ಹಾಗೇ ತಂದು ಇಟಿಸಿಯಲ್ಲಿ ಹಾಕುತ್ತಾರೆ. ಅಲ್ಲಿಗೆ ಆ ಹೊತ್ತಿನ ಸ್ಥಿತಿಯೆಲ್ಲ ಗಟ್ಟಿಯಾಯಿತು. ಯಾವ ಡ್ರೈವರ್, ಯಾವ ಪಿಸಿಐ ಸ್ಲಾಟು, ಎಲ್ಲ. ಎನ್‌ವಿಡಿಯಾ ಡ್ರೈವರ್ ಜೊತೆ ಬರುವ ಎನ್‌ವಿಡಿಯಾ-ಎಕ್ಸ್‌ಕಾನ್ಫಿಗ್ ಕೂಡ ಇಡೀ ಫೈಲನ್ನೇ ಬರೆಯುತ್ತದೆ. ಹಳೆಯದಿದ್ದರೆ ಬ್ಯಾಕಪ್ ಇಟ್ಟೇ ಬರೆಯುತ್ತದೆ, ಆ ಮಟ್ಟಿಗೆ ಮರ್ಯಾದಸ್ಥ ಟೂಲ್. ತೊಂದರೆ ಬರುವುದು ಆಮೇಲೆ. ಕಾರ್ಡು ತೆಗೆದು ಬೇರೆ ಕಾರ್ಡು ಹಾಕುತ್ತೀರಿ. ಫೈಲು ಮಾತ್ರ ಹಳೆಯ ಡ್ರೈವರೇ ಬೇಕು ಅನ್ನುತ್ತಿರುತ್ತದೆ. ಪರದೆ ಕಪ್ಪು. ಫೈಲು ಇರದಿದ್ದರೆ ಎಕ್ಸ್ ತಾನೇ ಹುಡುಕಿಕೊಳ್ಳುತ್ತಿತ್ತು.

ಹಾಗೆ ಪರದೆ ಕಪ್ಪಾದರೆ ಗಾಬರಿ ಬೇಡ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ. ಬರೀ ಅಕ್ಷರದ ಲಾಗಿನ್ ಬರುತ್ತದೆ. ಅಲ್ಲಿ ಹೋಗಿ ಎಕ್ಸ್‌ಆರ್ಗ್.ಕಾನ್ಫ್ ಹೆಸರು ಬದಲಿಸಿ, ಡಿಸ್‌ಪ್ಲೇ ಮ್ಯಾನೇಜರನ್ನು (ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿ. ನಾಲ್ಕು ಸಲದಲ್ಲಿ ಮೂರು ಸಲ ಅಂತ ಅಂಕಿ ಹೇಳಲಾರೆ, ಆದರೆ ಮೊದಲು ಮಾಡಬೇಕಾದ ಕೆಲಸ ಇದೇ. ಡಿಸ್ಟ್ರೋ ಮರುಇನ್‌ಸ್ಟಾಲ್ ಮಾಡುವುದು ಕೊನೆಗೂ ಬೇಕಿಲ್ಲದ ಕೆಲಸ.

ಈಗ ಲಾಗ್ ಫೈಲಿಗೆ ಬರೋಣ. ನನ್ನನ್ನು ಕೇಳಿದರೆ ಕೈ ಮತ್ತು ಟೂಲ್ ಜಗಳಕ್ಕೆ ಪಂಚಾಯಿತಿ ಮಾಡುವುದು ಇದೇ. ಎಕ್ಸ್‌ಆರ್ಗ್.0.ಲಾಗ್ ಅಂತ ಹೆಸರು. ವಾರ್ ಲಾಗ್ ಒಳಗಿರುತ್ತದೆ. ಎಕ್ಸ್ ರೂಟ್ (ಅಡ್ಮಿನ್) ಅಧಿಕಾರ ಇಲ್ಲದೆ ಓಡುತ್ತಿದ್ದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿ, ಡಾಟ್ ಲೋಕಲ್, ಶೇರ್, ಎಕ್ಸ್‌ಆರ್ಗ್ ಒಳಗೆ. ಬಹಳ ಜನ ಅದರಲ್ಲಿ ಎರಡು ‘ಇ’ ಇರುವ ಎರರ್ ಸಾಲು ಮಾತ್ರ ಹುಡುಕುತ್ತಾರೆ. ನಾನು ಬೇರೆ ಗುರುತುಗಳನ್ನು ನೋಡಿ ಅನ್ನುತ್ತೇನೆ. ಸಾಲಿನ ಶುರುವಿಗೆ ಎರಡು ನಕ್ಷತ್ರ ಇದ್ದರೆ ಆ ಮಾತು ಕಾನ್ಫಿಗ್ ಫೈಲಿನಿಂದ ಬಂದದ್ದು. ಎರಡು ಸಮ ಚಿಹ್ನೆ ಇದ್ದರೆ ಡಿಫಾಲ್ಟ್, ಅಂದರೆ ಯಾರೂ ಏನೂ ಹೇಳಿಲ್ಲ. ಎರಡು ಅಡ್ಡಗೆರೆ ಇದ್ದರೆ ಹಾರ್ಡ್‌ವೇರನ್ನೇ ಕೇಳಿ ತಿಳಿದದ್ದು. ಎರಡು ಪ್ಲಸ್ ಇದ್ದರೆ ಕಮಾಂಡ್ ಸಾಲಿನಿಂದ.

ಅಂದರೆ ಪ್ರತಿ ನಿರ್ಧಾರದ ಪಕ್ಕ ಅದನ್ನು ಯಾರು ಮಾಡಿದರು ಅಂತ ಎಕ್ಸ್ ಬರೆದಿಟ್ಟಿರುತ್ತದೆ. ನೀವು ಬರೆದ ಸಾಲು ನಕ್ಷತ್ರದ ಜೊತೆ ಲಾಗಿನಲ್ಲಿ ಕಾಣುತ್ತಿಲ್ಲವಾ? ಹಾಗಾದರೆ ಫೈಲನ್ನು ಓದಿಲ್ಲ, ಅಥವಾ ಸೆಕ್ಷನ್ ಹೆಸರು ಹೊಂದುತ್ತಿಲ್ಲ. ಸಾಲನ್ನು ಇಪ್ಪತ್ತು ರೀತಿ ತಿದ್ದಿ ಪ್ರಯೋಜನ ಇಲ್ಲ. ನಕ್ಷತ್ರ ಇದೆ, ಆದರೂ ಪರದೆ ಬೇರೆ ಥರ ಕಾಣುತ್ತಿದೆಯಾ? ಹಾಗಾದರೆ ಎಕ್ಸ್ ನಿಮ್ಮ ಮಾತು ಕೇಳಿದೆ. ಆಮೇಲೆ ಇನ್ನೊಬ್ಬರು ಬಂದು ಬದಲಾಯಿಸಿದ್ದಾರೆ.

ಆ ಇನ್ನೊಬ್ಬರು ಯಾರು? ಬಹುಮಟ್ಟಿಗೆ ನಿಮ್ಮ ಡೆಸ್ಕ್‌ಟಾಪ್. ನೀವು ಇಟಿಸಿಯಲ್ಲಿ ಚಂದವಾಗಿ ನಾಲ್ಕೈದು ಸಾಲಿನ ಮಾನಿಟರ್ ಸೆಕ್ಷನ್ ಬರೆದಿದ್ದೀರಿ, ಎಚ್‌ಡಿಎಂಐ-1 ಲ್ಯಾಪ್‌ಟಾಪಿನ ಬಲಕ್ಕೆ ಇರಲಿ ಅಂತ. ಲಾಗಿನ್ ಪರದೆ ಬರುವವರೆಗೆ ಸರಿ ಇರುತ್ತದೆ. ಪಾಸ್‌ವರ್ಡ್ ಹಾಕಿದ ಕೂಡಲೇ ಎಡಕ್ಕೆ ಜಿಗಿಯುತ್ತದೆ. ಯಾಕೆಂದರೆ ಹಿಂದೆ ಯಾವತ್ತೋ ಗ್ನೋಮ್ ಅನ್ನೋ ಡೆಸ್ಕ್‌ಟಾಪಿನ ಸೆಟ್ಟಿಂಗ್ ಕಿಟಕಿಯಲ್ಲಿ ಎಡಕ್ಕೆ ಎಳೆದಿಟ್ಟಿದ್ದೀರಿ. ಅದು ನಿಮ್ಮ ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ ಮಾನಿಟರ್ಸ್.ಎಕ್ಸ್‌ಎಂಎಲ್ ಅನ್ನೋ ಫೈಲಿನಲ್ಲಿ ಕೂತಿದೆ. ಸೆಷನ್ ಶುರುವಾದಾಗ ಗ್ನೋಮ್ ಅದನ್ನು ಓದಿ ಜಾರಿ ಮಾಡುತ್ತದೆ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಇದು. ಒಂದನ್ನು ಬಿಡಿ. ಡೆಸ್ಕ್‌ಟಾಪ್ ಬಳಸುತ್ತೀರಾದರೆ ಮಾನಿಟರ್ ಎಲ್ಲಿರಬೇಕು ಅನ್ನೋದನ್ನು ಅದಕ್ಕೇ ಬಿಟ್ಟುಬಿಡಿ.

ಆ ಎಕ್ಸ್‌ಎಂಎಲ್ ಫೈಲನ್ನು ಒಮ್ಮೆ ತೆರೆದು ನೋಡಿ. ತಿದ್ದಬೇಡಿ, ನೋಡಿ. ಪ್ರತಿ ಮಾನಿಟರಿಗೂ ನಾಲ್ಕು ಗುರುತು: ಕನೆಕ್ಟರ್, ಕಂಪನಿ, ಮಾಡೆಲ್, ಸೀರಿಯಲ್. ಈ ಗುರುತುಗಳು ತಾಳೆಯಾದರೆ ಮಾತ್ರ ಆ ಜೋಡಣೆ ಜಾರಿಯಾಗುತ್ತದೆ. ಕೇಬಲ್ಲನ್ನು ಒಂದು ಕಿಂಡಿಯಿಂದ ತೆಗೆದು ಪಕ್ಕದ ಕಿಂಡಿಗೆ ಹಾಕಿದರೆ ಕನೆಕ್ಟರ್ ಬದಲಾಯಿತು. ಗ್ನೋಮ್ ಪಾಲಿಗೆ ಅದು ಹೊಸ ಜೋಡಣೆ. ‘ಸೆಟ್ಟಿಂಗ್ ಉಳಿಯುತ್ತಿಲ್ಲ’ ಅನ್ನೋ ದೂರು ಎಷ್ಟೋ ಸಲ ಇಲ್ಲಿಂದ ಬರುತ್ತದೆ. ಲಾಗಿನ್ ಪರದೆಗೆ ಈ ಫೈಲು ಅನ್ವಯಿಸುವುದಿಲ್ಲ ಅನ್ನೋದೂ ನೆನಪಿರಲಿ. ಲಾಗಿನ್ ಪರದೆ ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ. ತಿರುಗಿಸಿ ನಿಲ್ಲಿಸಿದ ಮಾನಿಟರಿನಲ್ಲಿ ಪಾಸ್‌ವರ್ಡ್ ಹಾಕಲು ಕತ್ತು ವಾಲಿಸುವವರು ಈ ಫೈಲಿನ ಒಂದು ಪ್ರತಿಯನ್ನು ಜಿಡಿಎಂ (ಗ್ನೋಮ್ ಲಾಗಿನ್ ಪರದೆಯ ಪ್ರೋಗ್ರಾಂ) ಬಳಕೆದಾರನ ಕಾನ್ಫಿಗ್ ಫೋಲ್ಡರಿನಲ್ಲೂ ಇಡಬೇಕು.

ಸೆಟ್ಟಿಂಗ್ ಕಿಟಕಿಯ ಒಂದು ಗುಣವನ್ನು ಕೈಬರಹದವರು ಒಪ್ಪಲೇಬೇಕು. ಮೋಡ್ ಬದಲಿಸಿದರೆ ಗ್ನೋಮ್ ‘ಇದು ಇರಲಾ?’ ಅಂತ ಕೇಳಿ 20 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಹಿಂದಿನದಕ್ಕೆ ಮರಳುತ್ತದೆ. ಪರದೆ ಕಪ್ಪಾದವನು ಉತ್ತರ ಕೊಡಲಾರ, ಹಾಗಾಗಿ ಬಚಾವ್. ಟರ್ಮಿನಲ್ಲಿನಿಂದ ಮೋಡ್ ಬದಲಿಸುವ ಎಕ್ಸ್‌ರಾಂಡರ್ ಕಮಾಂಡಿಗೆ ಈ ದಯೆ ಇಲ್ಲ. ಆದರೆ ನೀವೇ ಮಾಡಿಕೊಳ್ಳಬಹುದು. ಹೊಸ ಮೋಡ್ ಹಾಕುವ ಕಮಾಂಡ್, ಸೆಮಿಕೋಲನ್, ಸ್ಲೀಪ್ 20, ಸೆಮಿಕೋಲನ್, ಹಳೆಯ ಮೋಡಿಗೆ ಮರಳುವ ಕಮಾಂಡ್. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿ. ಚಿತ್ರ ಸರಿ ಬಂದರೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ.

ಕೈಬರಹಕ್ಕೂ ಒಂದು ಗುಣ ಇದೆ, ಟೂಲಿಗೆ ಅದು ಬರುವುದಿಲ್ಲ. ಕಾಮೆಂಟು. ‘ಈ ಮಾನಿಟರಿನ ಅಡಾಪ್ಟರ್ 165 ದಾಟುವುದಿಲ್ಲ, ಅದಕ್ಕೇ ಈ ಸಾಲು’ ಅಂತ ಫೈಲಿನಲ್ಲೇ ಬರೆದಿಡಬಹುದು. ಟೂಲ್ ಬರೆದ ಫೈಲಿನಲ್ಲಿ ಯಾಕೆ ಅನ್ನೋದು ಇರುವುದಿಲ್ಲ, ಏನು ಅನ್ನೋದಷ್ಟೇ. ಮುಂದೊಂದು ದಿನ ಆ ಅಡಾಪ್ಟರ್ ಮೂಲೆ ಸೇರಿದಾಗ ಈ ಸಾಲನ್ನು ಅಳಿಸಬಹುದಾ ಅಂತ ನಿಮಗೆ ಅನುಮಾನ ಬರುವುದಿಲ್ಲ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು. ಎರಡನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದ್ದು: ‘ಎಕ್ಸ್‌ರಾಂಡರ್ ಸ್ಕ್ರಿಪ್ಟು ಬರೆದಿದ್ದೆ, ಚೆನ್ನಾಗಿ ಓಡ್ತಿತ್ತು. ಅಪ್‌ಗ್ರೇಡ್ ಆದ ಮೇಲೆ ಔಟ್‌ಪುಟ್ಟೇ ಸಿಗ್ತಿಲ್ಲ ಅನ್ನುತ್ತೆ. ಮಾನಿಟರ್ ಅದೇ, ಕೇಬಲ್ಲೂ ಅದೇ.’ ಡ್ರೈವರ್ ಬದಲಾಗಿರುತ್ತದೆ. ಇಂಟೆಲಿನ ಹಳೆಯ ಎಕ್ಸ್ ಡ್ರೈವರ್ ಆ ಕಿಂಡಿಯನ್ನು ಎಚ್‌ಡಿಎಂಐ1 ಅಂತ ಕರೆಯುತ್ತಿತ್ತು. ಈಗ ಸಾಮಾನ್ಯವಾಗಿರುವ ಮೋಡ್‌ಸೆಟ್ಟಿಂಗ್ ಡ್ರೈವರ್ ನಡುವೆ ಒಂದು ಗೆರೆ ಸೇರಿಸಿ ಎಚ್‌ಡಿಎಂಐ-1 ಅನ್ನುತ್ತದೆ. ಕರ್ನಲ್ ಅದನ್ನೇ ಎಚ್‌ಡಿಎಂಐ-ಎ-1 ಅನ್ನುತ್ತದೆ. ಒಂದೇ ಕಿಂಡಿಗೆ ಮೂರು ಹೆಸರು. ಸ್ಕ್ರಿಪ್ಟಿನಲ್ಲಿ ಹೆಸರನ್ನು ಗಟ್ಟಿಯಾಗಿ ಬರೆದರೆ ಹೀಗಾಗುತ್ತದೆ. ಇದಕ್ಕೆ ಆಟೋರಾಂಡರ್ ಅನ್ನೋ ಟೂಲ್ ನೋಡಿ. ಮಾನಿಟರ್‌ಗಳನ್ನು ಇಡಿಐಡಿಯಿಂದ ಗುರುತಿಸಿ, ನೀವು ಉಳಿಸಿಟ್ಟ ಜೋಡಣೆಯನ್ನು ಹಾಕುತ್ತದೆ. ಎಳೆದು ಜೋಡಿಸಿ ಸ್ಕ್ರಿಪ್ಟ್ ಪಡೆಯಬೇಕು ಅನ್ನುವವರಿಗೆ ಎರಾಂಡರ್ ಇದೆ. ಅದು ಬರೆದುಕೊಡುವುದು ನೀವು ಓದಬಹುದಾದ, ತಿದ್ದಬಹುದಾದ ಶೆಲ್ ಸ್ಕ್ರಿಪ್ಟು. ಟೂಲ್ ಅಂದರೆ ಹೀಗಿರಬೇಕು ಅನ್ನಿಸುತ್ತದೆ ನನಗೆ.

ಇನ್ನೊಬ್ಬರ ಪ್ರಶ್ನೆ ವೇಲ್ಯಾಂಡ್ ಬಗ್ಗೆ, ಅಂದರೆ ಎಕ್ಸ್ ಬದಲಿಗೆ ಬಂದಿರುವ ಏರ್ಪಾಡಿನ ಬಗ್ಗೆ: ‘ಅಲ್ಲಿ ಎಕ್ಸ್‌ಆರ್ಗ್.ಕಾನ್ಫ್ ಇಲ್ಲ, ಎಕ್ಸ್‌ರಾಂಡರ್‌ನಿಂದ ಮೋಡ್ ಹಾಕೋಕಾಗಲ್ಲ. ಕೆವಿಎಂ ಸ್ವಿಚ್ (ಒಂದೇ ಮಾನಿಟರು, ಕೀಬೋರ್ಡನ್ನು ಹಲವು ಕಂಪ್ಯೂಟರಿಗೆ ಹಂಚುವ ಪೆಟ್ಟಿಗೆ) ಮೂಲಕ ಹಾಕಿರೋ ಮಾನಿಟರ್ 1024 × 768 ಮಾತ್ರ ತೋರಿಸ್ತಿದೆ. ಕೈ ಹಾಕೋಕೆ ಜಾಗ ಎಲ್ಲಿದೆ?’ ಫೆಡೊರಾ ಡಿಸ್ಟ್ರೋದ 25ನೇ ಆವೃತ್ತಿಯಲ್ಲೇ, ಅಂದರೆ 2016ರಲ್ಲೇ, ಗ್ನೋಮ್ ವೇಲ್ಯಾಂಡ್ ಮೇಲೆ ಡಿಫಾಲ್ಟ್ ಆಯಿತು. ಹಾಗಾಗಿ ಇದು ಹೊಸ ಪ್ರಶ್ನೆ ಅಲ್ಲ. ವೇಲ್ಯಾಂಡ್‌ನಲ್ಲಿ ಮೋಡ್ ನೋಡಿಕೊಳ್ಳುವುದು ಆಯಾ ಕಂಪೋಸಿಟರ್, ಅಂದರೆ ಕಿಟಕಿಗಳನ್ನೆಲ್ಲ ಜೋಡಿಸಿ ಪರದೆಗೆ ಕಳಿಸುವ ಪ್ರೋಗ್ರಾಂ. ಸ್ವೇ ಅನ್ನೋ ಕಂಪೋಸಿಟರ್ ಬಳಸುವವರು ಅದರ ಕಾನ್ಫಿಗ್ ಫೈಲಿನಲ್ಲಿ ಔಟ್‌ಪುಟ್ ಅಂತ ಒಂದು ಸಾಲು ಬರೆಯಬಹುದು. ಆದರೆ ಇವರ ತೊಂದರೆ ಇರುವುದು ಆ ಮಟ್ಟದಲ್ಲಿ ಅಲ್ಲ. 1024 × 768ಕ್ಕೇ ನಿಂತುಬಿಟ್ಟಿದೆ ಅಂದರೆ ಇಡಿಐಡಿ ಸಿಕ್ಕಿಲ್ಲ ಅಂತಲೇ ಮೊದಲು ಅನುಮಾನಿಸಿ. ಚೀಟಿ ಬರದಿದ್ದಾಗ ಕರ್ನಲ್ ಅಷ್ಟರವರೆಗಿನ ಮೋಡ್‌ಗಳನ್ನು ಮಾತ್ರ ಧೈರ್ಯವಾಗಿ ಕೊಡುತ್ತದೆ. ಕೆಲವು ಕೆವಿಎಂ ಸ್ವಿಚ್‌ಗಳು, ಅಗ್ಗದ ಅಡಾಪ್ಟರ್‌ಗಳು ಆ ಚೀಟಿಯನ್ನು ದಾಟಿಸುವುದಿಲ್ಲ.

ಕೇಬಲ್ಲಿನಲ್ಲಿ ಕಳೆದದ್ದನ್ನು ಕರ್ನಲ್ಲಿನಲ್ಲೇ ಕೊಡಬೇಕು. ಆಗ ಎಕ್ಸ್ ಆಗಲಿ, ವೇಲ್ಯಾಂಡ್ ಆಗಲಿ, ಎರಡಕ್ಕೂ ಅನ್ವಯಿಸುತ್ತದೆ. ಮಾಡುವುದು ಹೀಗೆ. ಒಮ್ಮೆ ಮಾನಿಟರನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಸಿಸ್, ಕ್ಲಾಸ್, ಡಿಆರ್‌ಎಂ ಫೋಲ್ಡರಿನಲ್ಲಿ ಆ ಕಿಂಡಿಯ ಹೆಸರಿನ ಕೆಳಗೆ ಇಡಿಐಡಿ ಅನ್ನೋ ಫೈಲಿದೆ. ಅದನ್ನು ಕಾಪಿ ಮಾಡಿ. ಇಡಿಐಡಿ-ಡಿಕೋಡ್ ಹಾಕಿ ನೋಡಿದರೆ ಮಾನಿಟರಿನ ಹೆಸರು, ಮೋಡ್‌ಗಳು ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಸರಿ ಇದ್ದರೆ ಅದನ್ನು ಲಿಬ್, ಫರ್ಮ್‌ವೇರ್ ಒಳಗೆ ಇಡಿಐಡಿ ಅಂತ ಫೋಲ್ಡರ್ ಮಾಡಿ ಹಾಕಿ. ಬೂಟ್ ಸಾಲಿನಲ್ಲಿ ಡಿಆರ್‌ಎಂ.ಇಡಿಐಡಿ_ಫರ್ಮ್‌ವೇರ್ ಅನ್ನೋ ಆಯ್ಕೆಗೆ ಕಿಂಡಿಯ ಹೆಸರು, ಕೋಲನ್, ಫೈಲಿನ ದಾರಿ ಕೊಡಿ. ಕಿಂಡಿಯ ಹೆಸರು ಇಲ್ಲಿ ಕರ್ನಲ್ ಕರೆಯುವ ಹೆಸರೇ ಆಗಬೇಕು, ಎಚ್‌ಡಿಎಂಐ-ಎ-1 ಅಂತ. ಮಾಡಿದ ಮೇಲೂ ಏನೂ ಬದಲಾಗಲಿಲ್ಲವಾದರೆ ಒಂದು ವಿಷಯ ನೋಡಿ. ಗ್ರಾಫಿಕ್ಸ್ ಡ್ರೈವರ್ ಬೂಟಿನ ಶುರುವಿನಲ್ಲೇ, ಡಿಸ್ಕ್ ಸಿಗುವ ಮುಂಚೆ ಕರ್ನಲ್ ಬಳಸುವ ಪುಟ್ಟ ಫೈಲುಕಟ್ಟಾದ ಇನಿಟ್‌ರಾಮ್‌ಎಫ್‌ಎಸ್‌ನಿಂದ ಲೋಡ್ ಆಗುತ್ತಿದ್ದರೆ, ಆ ಹೊತ್ತಿಗೆ ನಿಮ್ಮ ಡಿಸ್ಕ್ ಇನ್ನೂ ಮೌಂಟ್ ಆಗಿರುವುದಿಲ್ಲ. ಆ ಇಡಿಐಡಿ ಫೈಲನ್ನು ಇನಿಟ್‌ರಾಮ್‌ಎಫ್‌ಎಸ್ ಒಳಗೂ ಸೇರಿಸಬೇಕಾಗುತ್ತದೆ. ಅದನ್ನು ಹೇಗೆ ಸೇರಿಸುವುದು ಅನ್ನೋದು ಡಿಸ್ಟ್ರೋದಿಂದ ಡಿಸ್ಟ್ರೋಗೆ ಬೇರೆ, ಅಲ್ಲಿ ಮಾತ್ರ ನಿಮ್ಮ ಡಿಸ್ಟ್ರೋದ ಟೂಲನ್ನೇ ಬಳಸಿ.